ಕೆಂಪಡರಿ ಊದಿಕೊಂಡ ಕಣ್ಣು

ಕಣ್ಣು ಕೆಂಪಾಗಿ ರೆಪ್ಪೆ ಊದಿಕೊಂಡಿತೆಂದರೆ ನಮ್ಮ ಮನೆಗಳಲ್ಲಿ ನಡೆಯುವ ಉಪಚಾರದ ಕ್ರಮವು ಬಹುಮಟ್ಟಿಗೆ ಎಲ್ಲೆಡೆಯೂ ಒಂದೇ ತೆರನಾದುದು. ಹಿರಿಯರು ಅದನ್ನು ಉಷ್ಣವೆಂದು ನಿರ್ಣಯಿಸಿ ನೆತ್ತಿಗೆ ಹರಳೆಣ್ಣೆ ತಟ್ಟುವರು. ನೆರೆಮನೆಯವರು ನಂದಿಬಟ್ಟಲು ಹೂವಿನ ರಸವನ್ನೋ ಎದೆಹಾಲನ್ನೋ ಸೂಚಿಸುವರು. ಇವೆರಡೂ ಸಾಲದೆ ಹೋದಾಗ ಮೆಡಿಕಲ್ ಅಂಗಡಿಯ ಯುವಕನು ರೋಗಿಯ ಮುಖವನ್ನು ಅರೆಗಳಿಗೆ ದಿಟ್ಟಿಸಿ, ಕಪಾಟಿನಿಂದ ಬೆರಳುದ್ದದ ಸೀಸೆಯೊಂದನ್ನು ತೆಗೆದು, ದಿನಕ್ಕೆ ನಾಲ್ಕು ಸಲ ಎರಡೆರಡು ಹನಿ ಎಂದು ಹೇಳಿ ಕಳುಹಿಸುವನು. ಕೆಂಪಾದ ಕಣ್ಣುಗಳಲ್ಲಿ ಬಹುಪಾಲು ಯಾವ ಮದ್ದೂ ಇಲ್ಲದೆ ಹತ್ತು ಹದಿನೈದು ದಿನಗಳಲ್ಲಿ ತಾವಾಗಿಯೇ ತಿಳಿಯಾಗುವಂಥವಾದ್ದರಿಂದ ಈ ಮೂವರಿಗೂ ಕೈಗುಣದ ಕೀರ್ತಿ ಲಭಿಸುತ್ತದೆ. ಉಳಿದ ಕಣ್ಣುಗಳ ಮಾತು ಹಾಗಲ್ಲ. ಅವುಗಳಲ್ಲಿ ಕೆಲವು ಒಂದು ವಾರದಲ್ಲಿ, ಕೆಲವು ಒಂದೇ ರಾತ್ರಿಯಲ್ಲಿ ಬೆಳಕನ್ನು ಕಳೆದುಕೊಳ್ಳುವಂಥವು. ಮೊದಲ ದಿನ ನೋಡಿದವರಿಗೆ ಎರಡು ಬಗೆಯವೂ ಒಂದೇ ಕೆಂಪಾಗಿ ಕಾಣುವುದೇ ಇಲ್ಲಿಯ ತೊಡಕು. ಯಾವ ಕಣ್ಣು ಎರಡು ದಿನ ಕಾಯಬಲ್ಲುದು, ಯಾವುದು ಎರಡು ಗಂಟೆಯೂ ಕಾಯಲಾರದು ಎಂಬುದನ್ನು ಓದುಗರು ಬೇರ್ಪಡಿಸಿ ನೋಡುವಂತಾದರೆ ಈ ಲೇಖನದ ಕೆಲಸವಾದಂತೆ. ರೋಗಕ್ಕೆ ಹೆಸರಿಡುವ ಕೆಲಸವನ್ನು ವೈದ್ಯರಿಗೇ ಬಿಡೋಣ.

ಕಣ್ಣಿನ ಬಿಳಿಗುಡ್ಡೆಯನ್ನು ಹೊದ್ದು ರೆಪ್ಪೆಗಳ ಒಳಮೈಯವರೆಗೂ ಹಬ್ಬಿರುವ ತೆಳುವಾದ ಪೊರೆಯೊಂದುಂಟು. ವೈದ್ಯರು ಅದನ್ನು ಕಂಜಂಕ್ಟೈವಾ ಎನ್ನುವರು. ಅದರೊಳಗಿನ ಸೂಕ್ಷ್ಮ ರಕ್ತನಾಳಗಳು ಸಾಧಾರಣ ಸ್ಥಿತಿಯಲ್ಲಿ ಕಂಡೂ ಕಾಣದಂತಿದ್ದು, ಧೂಳು ಬಿದ್ದರೂ, ಸೋಂಕು ತಗಲಿದರೂ, ಕಣ್ಣಿನೊಳಗಣ ಒತ್ತಡ ಏರಿದರೂ, ಒಳಪಟಲಗಳು ಉರಿಗೊಂಡರೂ ಒಂದೇ ಬಗೆಯಲ್ಲಿ ಹಿಗ್ಗಿ ಕೆಂಪಾಗುವುವು. ಆದಕಾರಣ ಕೆಂಪೆಂಬುದು ಕಣ್ಣಿಗೆ ಏನೋ ಆಗಿದೆಯೆಂದು ಸಾರುವುದೇ ಹೊರತು ಏನಾಗಿದೆಯೆಂದು ಹೇಳಲಾರದು. ಅದನ್ನು ಹೇಳತಕ್ಕವು ಬೇರೆ ನಾಲ್ಕು: ನೋವು ಎಷ್ಟಿದೆ, ದೃಷ್ಟಿ ಮಂದವಾಗಿದೆಯೆ, ಬೆಳಕು ಚುಚ್ಚುತ್ತಿದೆಯೆ, ಕೆಂಪು ಕಣ್ಣಿನ ಯಾವ ಭಾಗದಲ್ಲಿ ದಟ್ಟವಾಗಿದೆ. ಈ ನಾಲ್ಕನ್ನು ಕೇಳದೆ, ನೋಡದೆ ಕೊಟ್ಟ ಮದ್ದು ಕತ್ತಲಲ್ಲಿ ಎಸೆದ ಕಲ್ಲಿನಂತೆ.

ನೋಡುವ ಕ್ರಮ ಕಠಿನವಲ್ಲ. ರೋಗಿಯನ್ನು ಹಗಲಿನ ಬೆಳಕು ಬರುವ ಕಿಟಕಿಯ ಬಳಿ ಕೂರಿಸಿ, ನೋಡುವವರು ಸಾಬೂನಿನಿಂದ ಕೈ ತೊಳೆದುಕೊಂಡು, ಮೊದಲು ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ ಎದುರು ಗೋಡೆಯ ಕ್ಯಾಲೆಂಡರಿನ ತಾರೀಖುಗಳನ್ನು ಓದಿಸಬೇಕು. ಅನಂತರ ಮತ್ತೊಂದು ಕಣ್ಣನ್ನು ಮುಚ್ಚಿಸಿ ಅದೇ ತಾರೀಖುಗಳನ್ನು ಓದಿಸಬೇಕು. ಎರಡೂ ಕಣ್ಣು ತೆರೆದಿರುವಾಗ ಒಂದರ ಮಬ್ಬನ್ನು ಇನ್ನೊಂದು ಮರೆಸಿಬಿಡುವುದರಿಂದ ಎಷ್ಟೋ ಮಂದಿಗೆ ತಮ್ಮ ದೃಷ್ಟಿ ಕುಂದಿರುವುದು ಈ ಪರೀಕ್ಷೆಯ ತನಕ ತಿಳಿಯುವುದೇ ಇಲ್ಲ. ಪಿಸುರು ಅಡ್ಡಬಂದು ಮಬ್ಬಾಗಿದ್ದರೆ ರೆಪ್ಪೆ ಬಡಿದೊಡನೆ ಅದು ಸರಿಯುವುದು. ಸರಿಯದ ಮಬ್ಬು ಕಣ್ಣಿನದೇ ಸರಿ. ತರುವಾಯ ಎರಡು ಪಾಪೆಗಳನ್ನೂ ಹೋಲಿಸಿ, ಒಂದು ದೊಡ್ಡದೋ ಚಿಕ್ಕದೋ ಅಂಕುಡೊಂಕೋ ಆಗಿದೆಯೆ, ಕರಿಗುಡ್ಡೆಯ ಮೇಲೆ ಎಲ್ಲಿಯಾದರೂ ಅಕ್ಕಿನುಚ್ಚಿನಷ್ಟು ಬಿಳಿಚುಕ್ಕೆಯಿದೆಯೆ ಎಂದು ಗಮನಿಸಬೇಕು. ಕಡೆಯದಾಗಿ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಕ್ಕೆಳೆದು, ರೋಗಿಗೆ ಮೇಲೆ ನೋಡೆಂದು ಹೇಳಿ, ಕೆಂಪು ರೆಪ್ಪೆಯ ಒಳಮಡಿಕೆಯಲ್ಲಿ ಹೆಚ್ಚಾಗಿದ್ದು ಕರಿಗುಡ್ಡೆಯತ್ತ ಬರಬರುತ್ತ ತಿಳಿಯಾಗಿದೆಯೋ, ಅಥವಾ ಒಳಮಡಿಕೆ ತಿಳಿಯಾಗಿದ್ದು ಕರಿಗುಡ್ಡೆಯ ಸುತ್ತಲೇ ನಸುನೇರಳೆಯ ಉಂಗುರದಂತೆ ಕೂಡಿದೆಯೋ ಎಂಬುದನ್ನು ನೋಡಬೇಕು. ಮೊದಲನೆಯದು ಬಹುಶಃ ಹೊರಪೊರೆಯ ಸೋಂಕು. ಎರಡನೆಯದು ಕಣ್ಣಿನ ಒಳಗಿನಿಂದಲೋ ಕಾರ್ನಿಯಾದಿಂದಲೋ ಬಂದ ದೂರು. ಕಾರ್ನಿಯಾ ಎಂದರೆ ಕರಿಗುಡ್ಡೆಯ ಮುಂದಿರುವ ಗಾಜಿನಂಥ ಪಟಲ. ನಮ್ಮವರು ‘ಕಣ್ಣಿಗೆ ಹೂ ಬಿದ್ದಿದೆ’ ಎನ್ನುವಾಗ ಆ ಬಿಳಿ ಕಲೆ ಕಾಣುವುದು ಇದರ ಮೇಲೆಯೇ.

ಊತವು ರೆಪ್ಪೆಯೊಂದಕ್ಕೇ ಸೀಮಿತವಾಗಿದ್ದು ಗುಡ್ಡೆ ಬೆಳ್ಳಗಿದ್ದರೆ ಹೆಚ್ಚಿನ ಆತಂಕಕ್ಕೆ ಎಡೆಯಿಲ್ಲ. ರೆಪ್ಪೆಯ ಅಂಚಿನಲ್ಲಿ ಎವೆಯ ಬುಡಕ್ಕೆ ಏಳುವ ನೋವಿನ ಗುಳ್ಳೆಯೇ ಕಣ್ಣು ಕುಟಿಕೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಬಟ್ಟೆಯ ಶಾಖವನ್ನು ಹತ್ತು ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಸಲ ಕೊಟ್ಟರೆ ಅದು ಸಾಮಾನ್ಯವಾಗಿ ಒಂದು ವಾರದೊಳಗೆ ತಾನಾಗಿ ಒಡೆದು ಇಂಗುವುದು. ಹಿಸುಕುವುದು ಮಾತ್ರ ಕೂಡದು. ಪದೇ ಪದೇ ಏಳುತ್ತಿದ್ದರೆ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಬೇಕು. ನಡುವಯಸ್ಸು ದಾಟಿದವರಿಗೆ ಒಂದೇ ಜಾಗದಲ್ಲಿ ನೋವಿಲ್ಲದ ಗಂಟು ಮರುಕಳಿಸುತ್ತಿದ್ದರೆ ಅದರ ತುಣುಕನ್ನು ಪ್ರಯೋಗಾಲಯಕ್ಕೆ ಕಳುಹಿಸಿ ನೋಡುವುದು ಅವಶ್ಯ, ಏಕೆಂದರೆ ರೆಪ್ಪೆಯ ಜಿಡ್ಡುಗ್ರಂಥಿಯ ಅರ್ಬುದವು ಈ ವೇಷದಲ್ಲಿ ಬರುವುದುಂಟು. ಬೆಳಗ್ಗೆ ಎದ್ದಾಗ ಎರಡೂ ರೆಪ್ಪೆಗಳು ಕೆಂಪಿಲ್ಲದೆ, ನೋವಿಲ್ಲದೆ ಉಬ್ಬಿ ಹೊತ್ತೇರಿದಂತೆ ಇಳಿಯುತ್ತಿದ್ದರೆ ಕಣ್ಣಿನ ವೈದ್ಯರಿಗಿಂತ ಮೊದಲು ಮೂತ್ರಪರೀಕ್ಷೆ. ಅದು ಮೂತ್ರಪಿಂಡದ ವಿಷಯವಾಗಿರಬಹುದು. ಮೂಗಿನ ಪಕ್ಕದ ಕಣ್ಮೂಲೆಯಲ್ಲಿ ಊತವಿದ್ದು, ಬಹುದಿನಗಳಿಂದ ನೀರು ಸುರಿಯುತ್ತಿದ್ದು, ಅಲ್ಲಿ ಒತ್ತಿದರೆ ಕೀವು ಬರುವುದಾದರೆ ಕಣ್ಣೀರು ಮೂಗಿಗೆ ಇಳಿಯುವ ನಾಳ ಕಟ್ಟಿಕೊಂಡಿದೆಯೆಂದು ಅರ್ಥ.

ಇನ್ನು ಊರೆಲ್ಲ ಬಲ್ಲ ಕಣ್ಣುಬೇನೆಗೆ ಬರೋಣ. ಮದ್ರಾಸ್ ಐ ಎಂದು ನಾವು ಕರೆಯುವ ಈ ಅಂಟುಜಾಡ್ಯವನ್ನು ತರುವುದು ಬಹುಮಟ್ಟಿಗೆ ಅಡಿನೋವೈರಸ್ ಎಂಬ ವೈರಾಣು. ರೋಗವು ಒಬ್ಬರಿಂದೊಬ್ಬರಿಗೆ ಹರಡುವುದೆಂಬ ತಿಳಿವು ನಮ್ಮಲ್ಲಿ ಹೊಸದಲ್ಲ: ಎಪ್ಪತ್ತಾರು ನೇತ್ರರೋಗಗಳನ್ನು ಎಣಿಸಿದ ಸುಶ್ರುತ ಸಂಹಿತೆಯು ನೇತ್ರಾಭಿಷ್ಯಂದವನ್ನು ಸಂಪರ್ಕದಿಂದ ಅಂಟುವ ವ್ಯಾಧಿಗಳ ಸಾಲಿನಲ್ಲಿ ಸೇರಿಸಿದೆ. ಇದರ ಸೋದರ ರೋಗವೊಂದು, ಬಿಳಿಗುಡ್ಡೆಯಲ್ಲಿ ರಕ್ತಬಿಂದುಗಳನ್ನು ಹುಟ್ಟಿಸುವಂಥದು, 1969ರಲ್ಲಿ ಆಫ್ರಿಕದ ಘಾನಾ ದೇಶದಲ್ಲಿ ಹಠಾತ್ತನೆ ಕಾಣಿಸಿಕೊಂಡಾಗ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷ ಅದಾಗಿದ್ದುದರಿಂದ ಜನರು ಅಪೊಲೊ ರೋಗವೆಂದರು. ಅದೇ 1971ರಲ್ಲಿ ನಿರಾಶ್ರಿತರಿಂದ ತುಂಬಿದ್ದ ಕಲಕತ್ತೆಯನ್ನು ಮುತ್ತಿದಾಗ ಅಲ್ಲಿಯವರು ಜೈ ಬಾಂಗ್ಲಾ ಎಂದು ಹೆಸರಿಟ್ಟರು. ಕರ್ನಾಟಕದಲ್ಲಿ ಮಳೆಗಾಲದ ಕೆಂಗಣ್ಣು ಹೊಸದೇನಲ್ಲವಾದರೂ 2023ರ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅದು ಶಾಲೆ, ವಸತಿನಿಲಯಗಳಲ್ಲಿ ಹಬ್ಬಿದ ವೇಗವನ್ನು ಅನೇಕ ತಾಯಿತಂದೆಗಳು ಇನ್ನೂ ಮರೆತಿರಲಾರರು.

ಇದರ ಲಕ್ಷಣಗಳು ಸ್ಪಷ್ಟ. ಮೊದಲು ಒಂದು ಕಣ್ಣು, ಎರಡು ಮೂರು ದಿನಗಳಲ್ಲಿ ಇನ್ನೊಂದು; ಧಾರಾಕಾರವಾದ ನೀರು; ಮರಳು ಬಿದ್ದಂಥ ಕಿರಿಕಿರಿ; ರೆಪ್ಪೆಯ ಊತ; ಕಿವಿಯ ಮುಂದೆ ಮುಟ್ಟಿದರೆ ನೋಯುವ ಸಣ್ಣ ಗಂಟು; ಮನೆಯಲ್ಲೋ ತರಗತಿಯಲ್ಲೋ ಆಗಲೇ ಇಬ್ಬರು ಮೂವರಿಗೆ ಇದೇ ಬೇನೆ. ದೃಷ್ಟಿ ಕುಂದುವುದಿಲ್ಲ, ನೋವಿಗಿಂತ ಕಿರಿಕಿರಿಯೇ ಹೆಚ್ಚು. ದಟ್ಟವಾದ ಹಳದಿ ಕೀವು ಬಂದು ಬೆಳಗ್ಗೆ ರೆಪ್ಪೆಗಳು ಅಂಟಿಕೊಂಡು ಬಿಡಿಸಲಾಗದಂತಿದ್ದರೆ ಅದು ಬ್ಯಾಕ್ಟೀರಿಯದ ಸೋಂಕಾಗಿರುವ ಸಂಭವ ಹೆಚ್ಚು. ಅಲ್ಲಿ ಆಂಟಿಬಯಾಟಿಕ್ ಹನಿಗಳಿಂದ ಗುಣವುಂಟು. ವೈರಾಣುವಿನ ಬೇನೆಗೆ ಆ ಹನಿಗಳು ಏನನ್ನೂ ಮಾಡಲಾರವು. ಅದು ಎರಡು ವಾರದ ತನ್ನ ಅವಧಿಯನ್ನು ಮುಗಿಸಿಯೇ ಹೋಗುವುದು. ಅಲ್ಲಿಯವರೆಗೆ ತಣ್ಣೀರಿನ ಬಟ್ಟೆ, ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಪಿಸುರನ್ನು ಒರೆಸುವುದು, ವಿಶ್ರಾಂತಿ, ಇಷ್ಟೇ ಚಿಕಿತ್ಸೆ. ಇಲ್ಲಿ ಒಂದು ಮಾತು. ಕೆಂಗಣ್ಣಿನವರ ಕಣ್ಣನ್ನು ನೋಡಿದರೆ ನಮಗೂ ಬರುವುದೆಂಬ ನಂಬಿಕೆಯಿಂದ ಕಪ್ಪು ಕನ್ನಡಕಗಳ ವ್ಯಾಪಾರ ಬೆಳೆದಿದೆ. ನೋಟದಿಂದ ರೋಗ ಹರಡದು; ಕಣ್ಣನ್ನುಜ್ಜಿದ ಕೈ, ಆ ಕೈ ಮುಟ್ಟಿದ ಬಾಗಿಲ ಚಿಲಕ, ಬಸ್ಸಿನ ಸರಳು, ಮೊಬೈಲು, ಒಬ್ಬರೊರೆಸಿಕೊಂಡ ಟವೆಲು, ಒಂದೇ ಡಬ್ಬಿಯ ಕಾಡಿಗೆ, ಇವು ಹರಡುವುವು. ಒಣ ವಸ್ತುಗಳ ಮೇಲೆ ಈ ವೈರಾಣು ದಿನಗಟ್ಟಲೆ ಬದುಕಿರಬಲ್ಲುದು. ಕಪ್ಪು ಕನ್ನಡಕವು ಬೆಳಕಿನ ಬಾಧೆಯನ್ನು ತಗ್ಗಿಸಿ ರೋಗಿಯ ಕೈ ಕಣ್ಣಿಗೆ ಹೋಗದಂತೆ ತಡೆಯುವಷ್ಟರ ಮಟ್ಟಿಗೆ ಉಪಕಾರಿ. ಎರಡನೆಯ ವಾರದಲ್ಲಿ ದೃಷ್ಟಿ ಮಂಜಾಗಿ ಬೆಳಕು ಚುಚ್ಚಲಾರಂಭಿಸಿದರೆ ರೋಗವು ಕಾರ್ನಿಯಾವನ್ನು ತಾಗಿದೆಯೆಂದು ತಿಳಿದು ವೈದ್ಯರಲ್ಲಿಗೆ ಹೋಗಬೇಕು.

ತುರಿಕೆಯೇ ಪ್ರಧಾನವಾಗಿದ್ದರೆ ಅದು ಅಲರ್ಜಿ. ಬೇಸಿಗೆ ಬಂತೆಂದರೆ ಐದರಿಂದ ಹದಿನೈದರ ವಯಸ್ಸಿನ ಮಕ್ಕಳು, ಅದರಲ್ಲಿಯೂ ಗಂಡುಮಕ್ಕಳು, ಎರಡೂ ಕಣ್ಣುಗಳನ್ನು ಮುಷ್ಟಿಯಿಂದ ತಿರುವುತ್ತ ಕೂರುವುದನ್ನು ಎಲ್ಲರೂ ಕಂಡಿರುವರು. ಕಣ್ಣಿನಿಂದ ನೂಲಿನಂತೆ ಎಳೆಯಾಗಿ ಬರುವ ಬಿಳಿಯ ಲೋಳೆ ಇದರ ಗುರುತು. ರೋಗ ತಾನಾಗಿ ಕ್ರೂರವಾದುದಲ್ಲ, ಪ್ರಾಯ ಬಂದಂತೆ ಕಡಮೆಯಾಗುವಂಥದು. ಕ್ರೂರವಾಗಿರುವುದು ಇದಕ್ಕೆ ಅಂಗಡಿಯಲ್ಲಿ ದೊರೆಯುವ ಮದ್ದು. ಸ್ಟೀರಾಯ್ಡ್ ಹನಿಯನ್ನು ಹಾಕಿದರೆ ಒಂದೆರಡು ದಿನಗಳಲ್ಲಿಯೇ ಕಣ್ಣು ಬೆಳ್ಳಗಾಗಿ ತುರಿಕೆ ಮಾಯವಾಗುವುದರಿಂದ, ತಾಯಿತಂದೆಗಳು ಖಾಲಿ ಸೀಸೆಯನ್ನು ತೋರಿಸಿ ಮತ್ತೊಂದು, ಮಗದೊಂದು ಕೊಂಡು ವರ್ಷಗಟ್ಟಲೆ ಹಾಕುತ್ತಾರೆ. ಅತ್ತ ಒಳಗಣ ಒತ್ತಡ ಸದ್ದಿಲ್ಲದೆ ಏರಿ ದೃಷ್ಟಿನರವು ಸವೆಯುತ್ತ, ಎಳೆಯ ವಯಸ್ಸಿನಲ್ಲಿಯೇ ಪೊರೆ ಬೆಳೆಯುತ್ತ, ಕೆಂಪಿಲ್ಲದ ಆ ಚೆಲುವಾದ ಕಣ್ಣು ಕುರುಡಾಗಿರುತ್ತದೆ. ಸೀಸೆಯ ಮೇಲೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್ ಎಂಬ ಹೆಸರುಗಳಿದ್ದರೆ ಅದು ಸ್ಟೀರಾಯ್ಡ್ ಎಂದು ಓದುಗರು ನೆನಪಿಡಬೇಕು. ಆಂಟಿಬಯಾಟಿಕ್ಕಿನ ಜೊತೆ ಒಂದೇ ಸೀಸೆಯಲ್ಲಿ ಇವನ್ನು ಬೆರೆಸಿ ಮಾರುವುದೂ ಉಂಟಾದ್ದರಿಂದ ಸಣ್ಣ ಅಕ್ಷರಗಳನ್ನೂ ಓದಬೇಕು. ವೈದ್ಯರ ಕೈಯಲ್ಲಿ ಇದು ಅಮೂಲ್ಯವಾದ ಔಷಧ. ಊಹೆಯ ಕೈಯಲ್ಲಿ ಇದರಷ್ಟು ಹಾನಿ ಮಾಡಿದ ಹನಿ ಮತ್ತೊಂದಿಲ್ಲವೆಂದು ನನ್ನ ಅಭಿಪ್ರಾಯ.

ಹಳ್ಳಿಯ ಓದುಗರು ಮುಂದಿನ ಮಾತನ್ನು ವಿಶೇಷವಾಗಿ ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಭತ್ತದ ಕೊಯ್ಲಿನಲ್ಲಿ ತೆನೆಯ ಮುಳ್ಳು, ಕಬ್ಬು ಕಡಿಯುವಾಗ ಗರಗಸದಂಥ ಗರಿಯ ಅಂಚು, ಒಕ್ಕಣೆಯ ಕಣದಲ್ಲಿ ತೂರಿದ ಹೊಟ್ಟು, ಜೋಳದ ಹೊಲದಲ್ಲಿ ಬೀಸಿದ ಎಲೆ, ಇವುಗಳಲ್ಲಿ ಯಾವುದಾದರೂ ಒಂದು ಕಾರ್ನಿಯಾವನ್ನು ಕೂದಲೆಳೆಯಷ್ಟು ಗೀರಿದರೂ ಸಾಕು, ಸಸ್ಯದ ಮೈಮೇಲಿದ್ದ ಶಿಲೀಂಧ್ರವು ಆ ಗೀರಿನೊಳಕ್ಕೆ ಇಳಿದು ಬೇರೂರುವುದು. ದಕ್ಷಿಣ ಭಾರತದ ಕಾರ್ನಿಯಾ ಹುಣ್ಣುಗಳಲ್ಲಿ ಬಹಳಷ್ಟು ಶಿಲೀಂಧ್ರದಿಂದಾದುವು. ಫ್ಯುಸೇರಿಯಂ, ಆಸ್ಪರ್ಜಿಲಸ್ ಎಂಬುವು ಅವುಗಳಲ್ಲಿ ಮುಖ್ಯ. ಇದರ ನಡೆ ನಿಧಾನ. ಮೊದಲ ಎರಡು ಮೂರು ದಿನ ನೀರು, ಕೆಂಪು, ಕಿರಿಕಿರಿ, ಅಷ್ಟೆ. ಕೊಯ್ಲಿನ ಅವಸರದಲ್ಲಿ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಳಿಕ ಕರಿಗುಡ್ಡೆಯ ಮೇಲೆ ಬೂದುಬಿಳಿಯ ಚುಕ್ಕೆಯೊಂದು ಕಾಣಿಸಿ, ಅದರ ಅಂಚು ಗರಿಗರಿಯಾಗಿ ಹರಡುತ್ತ, ನೋವು ರಾತ್ರಿಯ ನಿದ್ರೆಯನ್ನು ಕೆಡಿಸುವಷ್ಟಾಗುವುದು. ಈ ಹೊತ್ತಿನಲ್ಲಿ ಎಲೆರಸ ಹಿಂಡಿದರೆ ಇನ್ನಷ್ಟು ಶಿಲೀಂಧ್ರವನ್ನು ಬಿತ್ತಿದಂತೆ. ಸ್ಟೀರಾಯ್ಡ್ ಹನಿ ಹಾಕಿದರೆ ದೇಹದ ಕಾವಲನ್ನು ತೆಗೆದು ಅದಕ್ಕೆ ದಾರಿ ಬಿಟ್ಟಂತೆ.

ವೈದ್ಯರು ಇಂಥ ಕಣ್ಣನ್ನು ಪರೀಕ್ಷಿಸುವ ಬಗೆಯನ್ನು ಒಮ್ಮೆ ಹತ್ತಿರದಿಂದ ನೋಡುವುದು ಒಳ್ಳೆಯದು. ಫ್ಲೋರೆಸಿನ್ ಎಂಬ ಕಿತ್ತಳೆ ಬಣ್ಣ ಸವರಿದ ಕಾಗದದ ಪಟ್ಟಿಯ ತುದಿಯನ್ನು ಕೆಳರೆಪ್ಪೆಯ ಒಳಕ್ಕೆ ತಾಗಿಸಿದಾಗ ಕಣ್ಣೀರು ಹಳದಿಯಾಗುವುದು. ರೋಗಿಯು ಗದ್ದವನ್ನು ಯಂತ್ರದ ಮೇಲೂರಿ ಕುಳಿತ ಮೇಲೆ ನೀಲಿ ಬೆಳಕನ್ನು ಹಾಯಿಸಿದರೆ, ಕಾರ್ನಿಯಾದ ಮೇಲ್ಪದರ ಕಿತ್ತುಹೋದೆಡೆಯಲ್ಲೆಲ್ಲ ಹಚ್ಚಹಸುರು ಹೊಳೆದು ಹುಣ್ಣಿನ ನಕಾಶೆಯೇ ಮೂಡುವುದು. ಕೊಂಬೆರೆಂಬೆಗಳಾಗಿ ಒಡೆದ ಹಸುರು ಗೆರೆ ಕಂಡರೆ ಅದು ಹರ್ಪಿಸ್ ವೈರಾಣುವಿನ ಹುಣ್ಣು. ದುಂಡಗಿನದೋ ಅಂಕುಡೊಂಕಿನದೋ ಆಗಿದ್ದರೆ ಅಲ್ಲಿಂದ ಒಂದಿಷ್ಟನ್ನು ಕೆರೆದು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ ಬ್ಯಾಕ್ಟೀರಿಯವೋ ಶಿಲೀಂಧ್ರವೋ ಎಂದು ನಿರ್ಧರಿಸುವರು. ಶಿಲೀಂಧ್ರವಾದರೆ ನಟಾಮೈಸಿನ್ ಹನಿಯನ್ನು ಮೊದಮೊದಲು ಗಂಟೆಗೊಮ್ಮೆ, ವಾರಗಟ್ಟಲೆ ಹಾಕಬೇಕಾಗುವುದು. ತಾಳ್ಮೆಗೆಟ್ಟು ನಡುವೆ ನಿಲ್ಲಿಸಿದವರ ಕಣ್ಣುಗಳೇ ಹೆಚ್ಚಾಗಿ ಕೆಡುವುದು. ಕಾಂಟ್ಯಾಕ್ಟ್ ಲೆನ್ಸ್ ಧರಿಸುವ ಪಟ್ಟಣವಾಸಿಗಳಿಗೂ ಈ ಹುಣ್ಣಿನ ಭಯ ತಪ್ಪಿದ್ದಲ್ಲ. ಲೆನ್ಸ್ ಹಾಕಿಕೊಂಡೇ ಮಲಗುವವರು, ನಲ್ಲಿಯ ನೀರಿನಲ್ಲಿ ಅದನ್ನು ತೊಳೆಯುವವರು ಕಣ್ಣು ಕೆಂಪಾದೊಡನೆ ಲೆನ್ಸನ್ನು ತೆಗೆದು, ಎಸೆಯದೆ ಅದರ ಡಬ್ಬಿಯೊಡನೆ ಆಸ್ಪತ್ರೆಗೆ ಒಯ್ಯಬೇಕು. ಪರೀಕ್ಷೆಗೆ ಅದೂ ಬೇಕಾಗುವುದು.

ಕಣ್ಣಿಗೆ ಬೀಳುವ ದ್ರವಗಳ ವಿಷಯದಲ್ಲಿ ನಮ್ಮ ಮನೆಮಂದಿಗೆ ಇರಬೇಕಾದಷ್ಟು ಭಯವಿಲ್ಲ. ರಥಸಪ್ತಮಿಯಂದು ತಲೆಯ ಮೇಲೆ, ಭುಜದ ಮೇಲೆ ಎಕ್ಕದ ಎಲೆಯನ್ನಿಟ್ಟುಕೊಂಡು ಸ್ನಾನ ಮಾಡುವ ಸಂಪ್ರದಾಯ ಸುಂದರವಾದುದು. ಆದರೆ ಎಲೆಯನ್ನು ಕಿತ್ತಾಗ ತೊಟ್ಟಿನಿಂದ ಒಸರುವ ಹಾಲು ಬೆರಳಿಗಂಟಿ, ಆ ಬೆರಳು ಕಣ್ಣಿಗೆ ಹೋದರೆ, ಅಷ್ಟೇನೂ ನೋವಿಲ್ಲದೆ ಕಣ್ಣು ಕೆಂಪಾಗಿ, ಕೆಲವು ಗಂಟೆಗಳಲ್ಲಿ ದೃಷ್ಟಿಯೆಲ್ಲ ಮಂಜು ಕವಿದಂತಾಗುವುದು. ಎಕ್ಕದ ಹಾಲು ಕಾರ್ನಿಯಾದ ಒಳಪದರದ ಜೀವಕೋಶಗಳನ್ನು ಕೆಡಿಸಿ ಅದರಲ್ಲಿ ನೀರು ತುಂಬುವಂತೆ ಮಾಡುತ್ತದೆ. ನೋವಿಲ್ಲವೆಂದು ಇಲ್ಲಿ ಸುಮ್ಮನಿರಲಾಗದು. ಇದಕ್ಕಿಂತಲೂ ದಾರುಣವಾದುದು ಸುಣ್ಣ. ಎಲೆಅಡಿಕೆಗೂ ತಂಬಾಕಿಗೂ ಮಾರುವ ಸುಣ್ಣದ ಪ್ಲಾಸ್ಟಿಕ್ ಪೊಟ್ಟಣವನ್ನು ಮಕ್ಕಳು ಆಡುತ್ತ ಅದುಮಿದಾಗ ಅದು ಒಡೆದು ನೇರವಾಗಿ ಕಣ್ಣಿಗೆ ಚಿಮ್ಮುವುದು. ಆಮ್ಲವು ಸುಟ್ಟಲ್ಲಿಯೇ ಬಹುಮಟ್ಟಿಗೆ ನಿಲ್ಲುವುದು; ಸುಣ್ಣದಂಥ ಕ್ಷಾರವು ಪದರದಿಂದ ಪದರಕ್ಕೆ ಇಳಿಯುತ್ತಲೇ ಹೋಗುವುದು. ಆದ್ದರಿಂದ ಆಸ್ಪತ್ರೆಗೆ ಓಡುವ ಮುನ್ನವೇ, ಇದ್ದ ಸ್ಥಳದಲ್ಲಿಯೇ, ಇದ್ದಷ್ಟು ಶುದ್ಧವಾದ ನೀರನ್ನು ಮಗುವಿನ ತಲೆಯನ್ನು ವಾಲಿಸಿ, ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು, ಮೂಗಿನ ಕಡೆಯಿಂದ ಕಿವಿಯ ಕಡೆಗೆ ಕಡಮೆಯೆಂದರೆ ಇಪ್ಪತ್ತು ಮೂವತ್ತು ನಿಮಿಷ ಹರಿಸಬೇಕು. ರೆಪ್ಪೆಯ ಮಡಿಕೆಯಲ್ಲಿ ಬಿಳಿಯ ಕಣಗಳು ಕಂಡರೆ ಒದ್ದೆ ಹತ್ತಿಯಿಂದ ಹೊರತೆಗೆಯಬೇಕು. ಮಗು ಅತ್ತರೂ ಕೊಸರಿದರೂ ಬಿಡಬಾರದು. ಆ ಅರ್ಧಗಂಟೆಯ ನೀರು ಮಾಡುವ ಉಪಕಾರವನ್ನು ಮುಂದೆ ಯಾವ ಶಸ್ತ್ರಚಿಕಿತ್ಸೆಯೂ ಮಾಡಲಾರದು. ವೆಲ್ಡಿಂಗ್ ಕೆಲಸದವರಿಗೆ ಮಧ್ಯರಾತ್ರಿಯಲ್ಲಿ ಕಣ್ಣು ಉರಿದು ನೀರು ಸುರಿಯುವುದು ಹಗಲಿನ ಜ್ವಾಲೆಯ ಫಲ. ಅದು ಒಂದೆರಡು ದಿನಗಳಲ್ಲಿ ಇಳಿಯುವುದು. ಆದರೆ ಗ್ರೈಂಡಿಂಗಿನ ಕಿಡಿ ಸಿಡಿದಿದ್ದರೆ ಕಬ್ಬಿಣದ ಚೂರು ಒಳಗಿದೆಯೇ ಎಂದು ತೋರಿಸಿಕೊಳ್ಳಲೇಬೇಕು. ಸೂಜಿಯಿಂದಲೋ ಕರವಸ್ತ್ರದ ತುದಿಯಿಂದಲೋ ಸಹೋದ್ಯೋಗಿ ಅದನ್ನು ತೆಗೆಯಲು ಬಂದರೆ ವಿನಯದಿಂದ ನಿರಾಕರಿಸುವುದು ಲೇಸು.

ಈಗ ಒಳಗಣ್ಣಿನ ವ್ಯಾಧಿಗಳು. ಪಿಸುರಿಲ್ಲ, ತುರಿಕೆಯಿಲ್ಲ, ಮನೆಯಲ್ಲಿ ಬೇರೆ ಯಾರಿಗೂ ಇಲ್ಲ. ಒಂದೇ ಕಣ್ಣಿನ ಕರಿಗುಡ್ಡೆಯ ಸುತ್ತ ಕೆಂಪುಂಗುರ, ಒಳಗೊಳಗೇ ಎಳೆಯುವ ನೋವು, ಬೆಳಕನ್ನು ಸಹಿಸಲಾಗದ ಬಾಧೆ, ಪಾಪೆ ಸಣ್ಣದಾಗಿ ಅಂಕುಡೊಂಕು: ಇದು ಯುವಿಯೈಟಿಸ್ ಎಂಬ ಒಳಪಟಲದ ಉರಿಯೂತ. ಬೆಳಗಿನ ಹೊತ್ತು ಸೊಂಟಬೆನ್ನು ಬಿಗಿದು ಏಳಲಾರದ ತರುಣರಿಗೆ ಸಂಧಿವಾತದ ಬಳುವಳಿಯಾಗಿ, ಕೆಲವರಿಗೆ ಕ್ಷಯದ ನೆರಳಾಗಿ, ಕರಾವಳಿಯ ಗದ್ದೆಗಳಲ್ಲಿ ದುಡಿಯುವವರಿಗೆ ಇಲಿಜ್ವರ ವಾಸಿಯಾದ ಕೆಲವು ತಿಂಗಳುಗಳ ಮೇಲೂ ಇದು ಬರುವುದುಂಟು; ಆದ್ದರಿಂದ ಹಳೆಯ ಕಾಯಿಲೆಗಳ ವಿಚಾರವನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು.

ಇದಕ್ಕಿಂತ ತ್ವರಿತವಾದುದು ಗ್ಲಾಕೋಮಾದ ಹಠಾತ್ ಆಘಾತ. ಕಣ್ಣಿನೊಳಗೆ ಸದಾ ಉತ್ಪತ್ತಿಯಾಗುವ ದ್ರವವು ಹೊರಹರಿಯುವ ಕೋನ ಕೆಲವರಿಗೆ ಹುಟ್ಟಿನಿಂದಲೇ ಕಿರಿದಾಗಿದ್ದು, ವಯಸ್ಸು ಐವತ್ತು ದಾಟಿದ ಮೇಲೆ ಒಂದು ಸಂಜೆ ಮಬ್ಬುಗತ್ತಲಲ್ಲಿ ಪಾಪೆ ಹಿಗ್ಗಿದಾಗ ಪೂರ್ತಿ ಮುಚ್ಚಿಹೋಗುವುದು. ಹೆಂಗಸರಲ್ಲಿ ಇದು ಹೆಚ್ಚು. ಸಾಧಾರಣವಾಗಿ ಪಾದರಸದ 10ರಿಂದ 21 ಮಿಲಿಮೀಟರಿನಷ್ಟಿರುವ ಒತ್ತಡ ಆಗ 50ನ್ನು ಮೀರಿ ಏರಬಹುದು. ಕಣ್ಣು ಕೆಂಪಾಗಿ, ಅರೆತಲೆ ಸಿಡಿಯುವಂತೆ ನೋಯುವುದು; ದೀಪದ ಸುತ್ತ ಕಾಮನಬಿಲ್ಲಿನ ಬಳೆಗಳು ಕಾಣುವುವು; ಪಾಪೆ ಅರೆಬಿರಿದು ಬೆಳಕಿಗೂ ಕುಗ್ಗದೆ ನಿಲ್ಲುವುದು; ಮುಚ್ಚಿದ ರೆಪ್ಪೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಮುಟ್ಟಿದರೆ ಗುಡ್ಡೆ ಇನ್ನೊಂದು ಕಣ್ಣಿಗಿಂತ ಕಲ್ಲಾಗಿ ತೋರುವುದು. ಜೊತೆಗೆ ವಾಂತಿ. ಈ ವಾಂತಿಯೇ ಎಷ್ಟೋ ಮನೆಗಳನ್ನು ದಾರಿ ತಪ್ಪಿಸಿದೆ: ಪಿತ್ತವೆಂದು, ಅರೆತಲೆನೋವೆಂದು ಶುಂಠಿ ಕಷಾಯ ಕುಡಿಸಿ ಮಲಗಿಸಿದ ಅಜ್ಜಿ ಬೆಳಗ್ಗೆ ಏಳುವಾಗ ಆ ಕಣ್ಣಿನಲ್ಲಿ ಬೆಳಕಿರುವುದಿಲ್ಲ. ಇದಕ್ಕೆ ಮದ್ದುಂಟು, ಲೇಸರಿನಿಂದ ಒಂದು ಕಿರುರಂಧ್ರ ಮಾಡಿ ದ್ರವಕ್ಕೆ ಹಾದಿ ಬಿಡಿಸುವ ಉಪಾಯವುಂಟು, ನೋಯದ ಮತ್ತೊಂದು ಕಣ್ಣಿಗೂ ಮುನ್ನೆಚ್ಚರಿಕೆಯಾಗಿ ಅದನ್ನೇ ಮಾಡುವರು. ಆದರೆ ಎಲ್ಲವೂ ಕೆಲವು ಗಂಟೆಗಳ ಒಳಗೆ ಆಗಬೇಕು.

ಕಣ್ಣಿನ ಪೊರೆಯಿಂದಲೂ ಇಂಥದೇ ಸಂಕಟ ಒದಗುವುದುಂಟು. ಡಾ. ಎಂ. ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ಹೂಡಿ ಪೊರೆ ತೆಗೆಯುತ್ತಿದ್ದ ಕಾಲದಲ್ಲಿ ಪೊರೆ ಚೆನ್ನಾಗಿ ಬಲಿಯಲಿ ಎಂದು ಕಾಯುವುದು ವಾಡಿಕೆಯಾಗಿತ್ತು. ಅಂದಿನ ಶಸ್ತ್ರಕ್ರಿಯೆಯ ಕ್ರಮಕ್ಕೆ ಅದು ಒಪ್ಪುತ್ತಿತ್ತು. ಇಂದು ಆ ಕಾಯುವಿಕೆಗೆ ಕಾರಣವೇ ಉಳಿದಿಲ್ಲ. ಆದರೂ ಸುಗ್ಗಿ ಮುಗಿಯಲಿ, ಮೊಮ್ಮಗಳ ಮದುವೆಯಾಗಲಿ ಎಂದು ಮುಂದೂಡುತ್ತ ಹೋದಾಗ ಅತಿಯಾಗಿ ಬಲಿತ ಪೊರೆ ಉಬ್ಬಿ ಹಾದಿ ಕಟ್ಟಿಯೋ, ಅದರ ಸಾರ ಒಸರಿಯೋ ಒತ್ತಡವೇರಿ, ಆಗಲೇ ಕಾಣದ ಕಣ್ಣು ಕೆಂಪಾಗಿ ಅಸಾಧ್ಯ ನೋವನ್ನು ಕೊಡುವುದು. ‘ಹೇಗೂ ಕಾಣದ ಕಣ್ಣು’ ಎಂದು ಇದನ್ನು ಕಡೆಗಣಿಸಬಾರದು. ಸಕಾಲದಲ್ಲಿ ಶಸ್ತ್ರಚಿಕಿತ್ಸೆಯಾದರೆ ಅದೂ ಮತ್ತೆ ಕಾಣುವ ಸಂಭವವಿದೆ.

ಮಕ್ಕಳ ವಿಷಯದಲ್ಲಿ ಎರಡು ಎಚ್ಚರಿಕೆಗಳು ಸಾಕು. ಹುಟ್ಟಿದ ನಾಲ್ಕು ವಾರಗಳೊಳಗೆ ಶಿಶುವಿನ ರೆಪ್ಪೆ ಊದಿ ಕೀವು ಬಂದರೆ ಅದು ಹೆರಿಗೆಯ ಹಾದಿಯಲ್ಲಿ ತಗಲಿದ ಸೋಂಕಾಗಿರಬಹುದಾದ್ದರಿಂದ ಅಂದೇ ಆಸ್ಪತ್ರೆಗೆ ಒಯ್ಯಬೇಕು. ಜರ್ಮನಿಯ ಕ್ರೆಡೆ ಎಂಬ ವೈದ್ಯರು 1880ರ ಸುಮಾರಿನಲ್ಲಿ ಬೆಳ್ಳಿಯ ಲವಣದ ಹನಿಯಿಂದ ತಡೆದದ್ದು ಈ ಸೋಂಕು ತರುವ ಕುರುಡನ್ನೇ. ಎರಡನೆಯದು: ನೆಗಡಿ, ಸೈನಸ್ ಬೇನೆಯಿದ್ದ ಮಗುವಿಗೆ ಜ್ವರದೊಡನೆ ಒಂದು ಕಣ್ಣಿನ ರೆಪ್ಪೆ ಕೆಂಪೇರಿ ಊದಿ, ಗುಡ್ಡೆ ಮುಂದಕ್ಕೆ ಚಾಚಿದಂತೆ ಕಂಡು, ಅತ್ತಿತ್ತ ಹೊರಳಿಸಿದರೆ ನೋಯುವುದಾದರೆ, ಸೈನಸ್ಸಿನ ಸೋಂಕು ತೆಳ್ಳನೆಯ ಮೂಳೆಗೋಡೆಯನ್ನು ದಾಟಿ ಕಣ್ಣಿನ ಗೂಡನ್ನು ಹೊಕ್ಕಿದೆ. ಅಲ್ಲಿಂದ ಮಿದುಳು ದೂರವಿಲ್ಲ. ಇದೇ ಲಕ್ಷಣಗಳು ಹತೋಟಿಯಿಲ್ಲದ ಮಧುಮೇಹಿಗಳಲ್ಲಿ, ಮೂಗಿನಿಂದ ಕಪ್ಪು ಹಕ್ಕಳೆ, ಕೆನ್ನೆಯ ಮರಗಟ್ಟುವಿಕೆಗಳೊಡನೆ ಕಂಡರೆ 2021ರಲ್ಲಿ ಕೊರೋನಾದ ಬೆನ್ನಿಗೆ ನಾಡನ್ನೇ ನಡುಗಿಸಿದ ಕಪ್ಪು ಶಿಲೀಂಧ್ರವನ್ನು ಶಂಕಿಸಬೇಕು. ಇಲ್ಲಿ ತಡಮಾಡಿದರೆ ಪ್ರಾಣಕ್ಕೇ ಅಪಾಯ.

ಇಷ್ಟು ಭಯಗಳ ನಡುವೆ ಭಯಪಡಬೇಕಿಲ್ಲದ ಒಂದು ಕೆಂಪನ್ನೂ ಹೇಳಬೇಕು. ಕೆಮ್ಮಿದ, ಸೀನಿದ, ಭಾರವೆತ್ತಿದ ಮೇಲೆ, ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆ, ಬಿಳಿಗುಡ್ಡೆಯ ಒಂದು ಭಾಗದಲ್ಲಿ ರಕ್ತ ಚೆಲ್ಲಿದಂತೆ ಕಡುಗೆಂಪು ತೇಪೆ ಕಾಣುವುದು. ನೋವಿಲ್ಲ, ಮಬ್ಬಿಲ್ಲ, ಪಿಸುರಿಲ್ಲ. ನೋಡುವವರೇ ಹೆದರುವರು. ಪೆಟ್ಟು ಬಿದ್ದಿರದಿದ್ದರೆ ಅದು ಒಂದೆರಡು ವಾರಗಳಲ್ಲಿ ಹಳದಿಗೆ ತಿರುಗಿ ಅಳಿಸಿಹೋಗುವುದು. ರಕ್ತದೊತ್ತಡವನ್ನೊಮ್ಮೆ ಅಳೆಸಿ, ರಕ್ತ ತೆಳುವಾಗಿಸುವ ಗುಳಿಗೆ ಸೇವಿಸುವವರು ವೈದ್ಯರಿಗೊಂದು ಮಾತು ತಿಳಿಸಿದರೆ ಸಾಕು.

ಆದುದರಿಂದ ನೋವು ತೀವ್ರವಾಗಿದ್ದರೂ, ದೃಷ್ಟಿ ಮಸುಕಾಗಿದ್ದರೂ, ಬೆಳಕು ಸಹಿಸದಿದ್ದರೂ, ಕರಿಗುಡ್ಡೆಯ ಮೇಲೆ ಬಿಳಿಚುಕ್ಕೆ ಕಂಡರೂ, ಪೆಟ್ಟು, ಕ್ಷಾರ, ಲೆನ್ಸುಗಳ ಪ್ರಸಂಗವಿದ್ದರೂ ಅಂದೇ ಹೊರಡಬೇಕು. ನೇತ್ರವಿಭಾಗವಿರುವ ಜಿಲ್ಲಾಸ್ಪತ್ರೆಯೋ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೋ ಸಮೀಪದಲ್ಲಿದ್ದರೆ ನೇರವಾಗಿ ಅಲ್ಲಿಗೇ ಹೋಗುವುದು ಮೇಲು. ಹೊರಡುವಾಗ ಕಣ್ಣಿಗೆ ಬಿಗಿಯಾಗಿ ಪಟ್ಟಿ ಕಟ್ಟಬೇಡಿರಿ, ಹಿಂದಿನ ವರ್ಷ ಉಳಿದ ಹನಿಯನ್ನು ಹಾಕಬೇಡಿರಿ. ಒಮ್ಮೆ ತೆರೆದ ಸೀಸೆ ಒಂದು ತಿಂಗಳಾದ ಮೇಲೆ ಎಸೆಯತಕ್ಕದ್ದು. ಮತ್ತು ಈಗಾಗಲೇ ಏನನ್ನಾದರೂ ಹಾಕಿದ್ದರೆ, ಅಂಗಡಿಯ ಹನಿಯಾಗಲಿ ಹೂವಿನ ರಸವಾಗಲಿ, ವೈದ್ಯರು ಗದರಿಯಾರೆಂಬ ಅಂಜಿಕೆಯಿಂದ ಮುಚ್ಚಿಡದೆ ಆ ಸೀಸೆಯನ್ನು ಜೊತೆಯಲ್ಲಿಯೇ ಕೊಂಡೊಯ್ದು ಅವರ ಮೇಜಿನ ಮೇಲಿಡಿರಿ.